ಪದ ಬೇಕಾಗಿದೆ: ಬೇಸ್‌ಲೈನಿನಿಂದಲೇ ದಾಳಿ ಮಾಡುವ ಆಟಗಾರ, ಆವೆಮಣ್ಣಿನಲ್ಲಿ ಅಂಥವರಿಬ್ಬರ ಎದುರುಬದುರು

ಮಾನ್ಯರೇ,

ಎಳೆಯ ಟೆನಿಸ್ ಆಟಗಾರರಿಗಾಗಿ ಸಿದ್ಧವಾಗುತ್ತಿರುವ ತರಬೇತಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕೊನೆಯ ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಕೊಂಡಿರುವುದರಿಂದ ಈ ಅವಸರದ ಪತ್ರ.

ಅಧ್ಯಾಯದ ವಿಷಯ ಇಷ್ಟು: ಬೇಸ್‌ಲೈನಿನ ಬಳಿಯಿಂದಲೇ ದಾಳಿ ಮಾಡುವ ಇಬ್ಬರು ಆವೆಮಣ್ಣಿನ ಅಂಗಣದಲ್ಲಿ ಎದುರಾದಾಗ ಯಾರ ಆಟ ಯಾರ ಆಟವನ್ನು ಕೆಡಿಸುತ್ತದೆ? ಇಂಥ ಆಟಗಾರ ಸರ್ವ್ ಮಾಡಿದೊಡನೆ ನೆಟ್ಟಿನತ್ತ ಧಾವಿಸುವವನಲ್ಲ. ಚೆಂಡನ್ನು ಸುಮ್ಮನೆ ಹಿಂತಿರುಗಿಸುತ್ತ ಎದುರಾಳಿಯ ತಪ್ಪಿಗಾಗಿ ಕಾಯುವವನೂ ಅಲ್ಲ. ನೆಟ್ಟಿನಿಂದ 11.885 ಮೀಟರ್ ದೂರದಲ್ಲಿರುವ ಆ ಗೆರೆಯ ಆಸುಪಾಸಿನಲ್ಲೇ ನಿಂತು, ಫೋರ್‌ಹ್ಯಾಂಡ್ ಮತ್ತು ಬ್ಯಾಕ್‌ಹ್ಯಾಂಡ್ ಹೊಡೆತಗಳ ಬಿರುಸಿನಿಂದ ಪಾಯಿಂಟನ್ನು ಕಿತ್ತುಕೊಳ್ಳುವವನು. ಪತ್ರಿಕೆಗಳು ಬಳಸುವ ‘ಆಕ್ರಮಣಕಾರಿ ಬೇಸ್‌ಲೈನ್ ಆಟಗಾರ’ ಎಂಬುದು ನನಗೆ ತಿಳಿದಿದೆ. ಆದರೆ ಒಂದೇ ಪುಟದಲ್ಲಿ ಅದು ಹತ್ತು ಸಲ ಬಂದರೆ ಹನ್ನೆರಡು ವರ್ಷದ ಓದುಗ ಪುಸ್ತಕವನ್ನು ಮುಚ್ಚಿಡುತ್ತಾನೆ. ಹಾಗೆಯೇ, ಇಬ್ಬರ ಆಟದ ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುವ ಬಗೆಯನ್ನು ಹೇಳಲು ಒಂದು ಚಿಕ್ಕ ಪದ ಬೇಕು. ‘ಮುಖಾಮುಖಿ’ ಎಂದರೆ ಎಷ್ಟು ಬಾರಿ ಆಡಿದರು, ಯಾರು ಎಷ್ಟು ಗೆದ್ದರು ಎಂಬ ಲೆಕ್ಕವೇ ಓದುಗರ ಮನಸ್ಸಿಗೆ ಬರುತ್ತದೆ. ನನಗೆ ಬೇಕಾದದ್ದು ಆ ಲೆಕ್ಕವಲ್ಲ.

ಮರು: ಪದ ಬೇಕಾಗಿದೆ

ಹಿಂಗೆರೆ ದಾಳಿಗ. ಹಿಂಗಾಲು, ಹಿಂಬಾಗಿಲು, ಹಿಂಬದಿ ಇರುವ ನುಡಿಯಲ್ಲಿ ಹಿಂಗೆರೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ‘ಮೂಲರೇಖೆ’, ‘ಆಧಾರರೇಖೆ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಗೆರೆ ಎಂಬ ಮಾತು ಎಲ್ಲರ ಬಾಯಲ್ಲಿರುವಾಗ ರೇಖೆಯನ್ನು ಎಳೆದು ತರುವುದು ಸಲ್ಲದು. ಬೇಸ್‌ಲೈನ್ ಎಂದೇ ಬರೆಯುವುದಾದರೆ ಕನ್ನಡಕ್ಕೆ ತರುವ ಗೋಜಿಗೇ ಹೋಗಬೇಡಿ.

ಮರು: ‘ದಾಳಿಗ’ನ ಹುಟ್ಟು

ರೇಖೆಯನ್ನು ಹೊರಗಟ್ಟಿದವರು ದಾಳಿಯನ್ನು ಮಾತ್ರ ಕೈಹಿಡಿದು ಒಳಗೆ ಕರೆತಂದಿದ್ದಾರೆ. ದಾಳಿ ಎಂಬುದು ‘ಧಾಟೀ’ ಶಬ್ದದ ತದ್ಭವ. ಅಚ್ಚಗನ್ನಡದ ಹೆಸರಿನಲ್ಲಿ ವಾದ ಹೂಡುವವರು ಮೊದಲು ನಿಘಂಟನ್ನು ತೆರೆಯಬೇಕು. ಬಳಕೆಯಲ್ಲಿರುವ ರೂಪ ‘ದಾಳಿಕೋರ’. ಅದರ ‘ಕೋರ’ ಪಾರಸಿಯಿಂದ ಬಂದದ್ದು. ಲಂಚಕೋರ, ಚಾಡಿಕೋರ ಎಂಬ ಮಾತುಗಳ ಸಹವಾಸದಲ್ಲಿ ಬೆಳೆದ ಆ ಪ್ರತ್ಯಯಕ್ಕೆ ನಿಂದೆಯ ವಾಸನೆ ಹತ್ತಿದೆ. ಎಳೆಯರ ಕೈಪಿಡಿಯಲ್ಲಿ ಅದಕ್ಕೆ ಸ್ಥಾನವಿರಬಾರದು.

ಪ್ರಶ್ನೆ ಕೇಳಿದವರು ಬೇಸರದಿಂದ ಬದಿಗಿಟ್ಟಿರುವ ‘ಆಕ್ರಮಣ’ವೇ ಇಲ್ಲಿ ಸರಿಯಾದ ಪದ. ‘ಕ್ರಮ್’ ಧಾತುವಿನ ಅರ್ಥ ಹೆಜ್ಜೆಯಿಡುವುದು. ‘ಆ’ ಉಪಸರ್ಗ ಸೇರಿದಾಗ ಎದುರಿನದರ ಮೇಲೆ ಹೆಜ್ಜೆಯಿಟ್ಟು ಸಾಗುವುದು ಎಂದಾಗುತ್ತದೆ. ಯಾನಿಕ್ ಸಿನ್ನರ್ ಆಡುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು: ಆತ ಗೆರೆಗೆ ಅಂಟಿಕೊಂಡಂತೆ ನಿಲ್ಲುತ್ತಾನೆ, ಚೆಂಡು ಪುಟಿದು ಮೇಲೇರುತ್ತಿರುವಾಗಲೇ ಅದನ್ನು ಎದುರುಗೊಳ್ಳುತ್ತಾನೆ, ಸ್ವಲ್ಪ ಗಿಡ್ಡವಾಗಿ ಬಿದ್ದರೂ ಅಂಗಣದೊಳಕ್ಕೆ ಕಾಲಿಟ್ಟು ಹೊಡೆಯುತ್ತಾನೆ. ಬೇಸ್‌ಲೈನ್ ಆಟದಲ್ಲಿ ಆಕ್ರಮಣವೆಂದರೆ ಆ ಹೆಜ್ಜೆಯೇ ಹೊರತು ತೋಳಿನ ಬಲವಲ್ಲ. ಧಾತುವೇ ಆಟವನ್ನು ಹೇಳಿಕೊಡುತ್ತಿರುವಾಗ ಹೊಸ ಪದವನ್ನು ಹುಡುಕುವುದು ವ್ಯರ್ಥ ಶ್ರಮ.

ಮರು: ಮರು: ‘ದಾಳಿಗ’ನ ಹುಟ್ಟು

ಧಾತುವಿನಿಂದ ಆಟವನ್ನು ತಿಳಿಯಲು ಹೊರಟರೆ ಹೀಗಾಗುತ್ತದೆ. ಗಟ್ಟಿ ನೆಲದ ಅಂಗಣದ ಮಟ್ಟಿಗೆ ಈ ವಿವರಣೆ ಬಹುಮಟ್ಟಿಗೆ ನಿಲ್ಲುತ್ತದೆ. ಪ್ರಶ್ನೆ ಇರುವುದು ಆವೆಮಣ್ಣಿನ ಬಗ್ಗೆ. ಅದನ್ನು ಬಿಟ್ಟು ಉಳಿದುದೆಲ್ಲವನ್ನೂ ಇಲ್ಲಿ ಚರ್ಚಿಸಿದ್ದಾಗಿದೆ.

ಆವೆಮಣ್ಣು ಚೆಂಡನ್ನು ಹಿಡಿಯುತ್ತದೆ. ಉಜ್ಜುವಿಕೆ ಹೆಚ್ಚಿರುವುದರಿಂದ ಚೆಂಡಿನ ಮುನ್ನಡೆಯ ವೇಗ ತಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ಕೊಡುವ ತಿರುಗು) ಕೊಟ್ಟಿದ್ದರೆ ಭುಜವನ್ನೂ ಮೀರಿ ಏರುತ್ತದೆ. ಇದರಿಂದ ದಾಳಿಯ ಆಟಗಾರನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು, ಗೆರೆಯ ಮೇಲೆಯೇ ನಿಂತು ಚೆಂಡು ಏರುವಾಗಲೇ ಹೊಡೆದು ಎದುರಾಳಿಯ ಕಾಲಾವಕಾಶವನ್ನು ಕಸಿಯುವುದು. ಇನ್ನೊಂದು, ಎರಡು ಮೂರು ಮೀಟರ್ ಹಿಂದೆ ಸರಿದು, ಮಣ್ಣು ಕೊಡುವ ಆ ಹೆಚ್ಚುವರಿ ಕ್ಷಣವನ್ನು ಪೂರ್ತಿ ಬಳಸಿಕೊಂಡು, ರ‍್ಯಾಕೆಟ್ಟನ್ನು ದೊಡ್ಡದಾಗಿ ಬೀಸುವುದು. 2015ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸ್ತಾನ್ ವಾವ್ರಿಂಕಾ ಮೊದಲ ಸೆಟ್ ಸೋತ ಮೇಲೆ ನೊವಾಕ್ ಜೊಕೊವಿಚ್ ಅವರನ್ನು 4-6, 6-4, 6-3, 6-4ರಿಂದ ಮಣಿಸಿದ್ದು ಈ ಎರಡನೆಯ ದಾರಿಯಿಂದ. ಅವರ ಕಾಲು ಹಿಂದಿತ್ತು, ಹೊಡೆತ ಮುಂದಿತ್ತು. ‘ಕ್ರಮ್’ ಧಾತುವನ್ನು ಅಳತೆಗೋಲಾಗಿ ಹಿಡಿದರೆ ಆ ದಿನ ವಾವ್ರಿಂಕಾ ಆಕ್ರಮಣವನ್ನೇ ಮಾಡಲಿಲ್ಲ ಎನ್ನಬೇಕಾಗುತ್ತದೆ.

ಇಬ್ಬರು ಎದುರಾದಾಗ ನೋಡಬೇಕಾದದ್ದೂ ಇದನ್ನೇ. ಒಬ್ಬನ ಹೊಡೆತ ಇನ್ನೊಬ್ಬನಿಗೆ ಯಾವ ಎತ್ತರದಲ್ಲಿ ಸಿಗುತ್ತದೆ, ಮತ್ತು ಆ ಎತ್ತರದಲ್ಲಿ ಅವನ ಕೈಗೆ ಬಲವಿದೆಯೇ ಎಂಬುದೇ ಮುಖ್ಯ. ರಫೆಲ್ ನಡಾಲ್ ಎಡಗೈಯಿಂದ ಹೊಡೆದ ಅಡ್ಡ ಫೋರ್‌ಹ್ಯಾಂಡ್ ರೋಜರ್ ಫೆಡರರ್ ಅವರ ಒಂಟಿಗೈ ಬ್ಯಾಕ್‌ಹ್ಯಾಂಡಿನ ಭುಜದೆತ್ತರಕ್ಕೆ ಏರಿ ಬರುತ್ತಿತ್ತು. ರೊಲ್ಯಾಂ ಗ್ಯಾರೊಸ್‌ನಲ್ಲಿ (ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ಸಿನ ಅಂಗಣಗಳಲ್ಲಿ) ಅವರಿಬ್ಬರು ಆಡಿದ ಆರು ಪಂದ್ಯಗಳನ್ನೂ ನಡಾಲ್ ಗೆದ್ದರು. ಅದೇ ಎತ್ತರದ ಚೆಂಡು 1.93 ಮೀಟರ್ ಎತ್ತರದ, ಎರಡು ಕೈಗಳಿಂದ ಬ್ಯಾಕ್‌ಹ್ಯಾಂಡ್ ಹೊಡೆಯುವ ರಾಬಿನ್ ಸೋಡರ್ಲಿಂಗ್ ಅವರಿಗೆ ಹೇಳಿ ಮಾಡಿಸಿದ ಮಟ್ಟದಲ್ಲಿ ಸಿಕ್ಕಿತು. 2009ರ ನಾಲ್ಕನೇ ಸುತ್ತಿನಲ್ಲಿ ಅವರು ಅದನ್ನು ಮೇಲಿನಿಂದ ಕೆಳಕ್ಕೆ ಚಪ್ಪಟೆಯಾಗಿ ಬಾರಿಸಿ, ಆ ಅಂಗಣಗಳಲ್ಲಿ 31 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ನಡಾಲ್ ಅವರನ್ನು ಸೋಲಿಸಿದರು. ನಡಾಲ್ ಅಲ್ಲಿ ಒಟ್ಟು 14 ಬಾರಿ ಪ್ರಶಸ್ತಿ ಗೆದ್ದವರು ಎಂಬುದನ್ನು ನೆನೆದರೆ, ಒಂದು ಆಟ ಎಲ್ಲರಿಗೂ ಒಂದೇ ಬಗೆಯಲ್ಲಿ ಎದುರಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಹೆಸರೊಂದನ್ನು ಕಡೆದು ನಿಲ್ಲಿಸಬೇಡಿ, ಕ್ರಿಯೆಯನ್ನು ಹೇಳಿ. ‘ಏರುವಾಗಲೇ ಹೊಡೆಯುವವರು’, ‘ಹಿಂದೆ ಸರಿದು ಬೀಸುವವರು’. ಕನ್ನಡದ ಕೃದಂತಗಳು ಈ ಕೆಲಸವನ್ನು ಬಹಳ ಹಗುರವಾಗಿ ಮಾಡುತ್ತವೆ. ‘ಹಿಂಗೆರೆ’ಯ ಬಗ್ಗೆ ಒಂದೇ ಮಾತು: ಗೆರೆಗಿಂತ ಮೂರು ಮೀಟರ್ ಹಿಂದೆ ನಿಂತವನಿಗೆ ಆ ಹಿಂಗೆರೆ ಮುಂದಿರುತ್ತದೆ. ‘ಹಿಂಗೆರೆಯ ಹಿಂದೆ ನಿಂತು’ ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಮರು: ಆವೆಮಣ್ಣು ತಪ್ಪು

ಮೂಲ ಪ್ರಶ್ನೆಯಲ್ಲೇ ಇರುವ ತಪ್ಪನ್ನು ಯಾರೂ ಗಮನಿಸಿಲ್ಲ. ಆವೆಮಣ್ಣು ಕುಂಬಾರನ ಮಣ್ಣು. ಅಂಗಣಕ್ಕೆ ‘ಜೇಡಿಮಣ್ಣು’ ಎಂದಿರಬೇಕು. ತಿದ್ದಿಕೊಳ್ಳಿ.

ಮರು: ಮರು: ಆವೆಮಣ್ಣು ತಪ್ಪು

ತಿದ್ದಿಕೊಳ್ಳಬೇಡಿ. ರೊಲ್ಯಾಂ ಗ್ಯಾರೊಸ್‌ನ ಅಂಗಣದಲ್ಲಿ ಜೇಡಿ ಇಲ್ಲವೇ ಇಲ್ಲ. ಮೇಲೆ ಕಾಣುವ ಕೆಂಪು, ಒಂದೆರಡು ಮಿಲಿಮೀಟರ್ ದಪ್ಪದ ಇಟ್ಟಿಗೆ ಪುಡಿ. ಅದರ ಕೆಳಗಿರುವುದು ಅರೆದ ಬಿಳಿ ಸುಣ್ಣಕಲ್ಲು. ಅದಕ್ಕೂ ಕೆಳಗೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಜಲ್ಲಿ, ದಪ್ಪ ಕಲ್ಲುಗಳು ಪದರ ಪದರವಾಗಿವೆ. ಜೇಡಿಯನ್ನೇ ಹರಡಿದ್ದರೆ ಒಂದು ಮಳೆಗೆ ಅಂಗಣ ಕೆಸರಾಗುತ್ತಿತ್ತು. ಆಟಗಾರ ಜಾರಿಕೊಂಡು ಹೋಗಿ ಚೆಂಡನ್ನು ಮುಟ್ಟಲು ಸಾಧ್ಯವಾಗುವುದು, ಚೆಂಡು ಬಿದ್ದ ಗುರುತನ್ನು ಅಂಪೈರ್ ಇಳಿದು ಬಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದು ಆ ಪುಡಿಯಿಂದ.

ಇಟ್ಟಿಗೆ ಎಂದರೆ ಆವಗೆಯಲ್ಲಿ ಬೆಂದ ಮಣ್ಣು. ಆವಗೆ ‘ಆಪಾಕ’ದ ತದ್ಭವ, ಆಡುಮಾತಿನಲ್ಲಿ ಅದೇ ಆವೆ. ಆವೆಮಣ್ಣು ಎಂಬ ಸಮಾಸವನ್ನು ‘ಆವೆಗೆ ತಕ್ಕ ಮಣ್ಣು’ ಎಂದು ಬಿಡಿಸಿದರೆ ಕುಂಬಾರನದು, ‘ಆವೆಯಿಂದ ಬಂದ ಮಣ್ಣು’ ಎಂದು ಬಿಡಿಸಿದರೆ ಟೆನಿಸಿನದು. ತತ್ಪುರುಷದಲ್ಲಿ ವಿಭಕ್ತಿ ಅಡಗಿರುವುದರಿಂದ ಎರಡಕ್ಕೂ ಎಡೆಯಿದೆ. ಬಡಿದು ಗಟ್ಟಿಮಾಡಿದ ನೆಲ ಎನ್ನುವ ಫ್ರೆಂಚರ ಹೆಸರಾಗಲಿ, ಬರೀ ಜೇಡಿ ಎನ್ನುವ ಇಂಗ್ಲಿಷರ ಹೆಸರಾಗಲಿ ಈ ಬೆಂಕಿಯನ್ನು ಹೇಳುವುದಿಲ್ಲ. ನಮ್ಮ ಕ್ರೀಡಾ ವರದಿಗಾರರು ತಿಳಿದು ಆರಿಸಿದರೋ ತಿಳಿಯದೆಯೋ, ಅವರ ಪದ ಉಳಿದೆರಡು ನುಡಿಗಳ ಪದಗಳಿಗಿಂತ ಸತ್ಯಕ್ಕೆ ಹತ್ತಿರವಾಗಿದೆ. ಅದನ್ನು ಕೆಡಿಸಬಾರದೆಂದು ನಾನು ಕೈಮುಗಿದು ಕೇಳುತ್ತೇನೆ.

ಮರು: ಹಿಂಗೆರೆ

ಆವೆಯನ್ನು ಕಾಪಾಡಲು ಇಷ್ಟು ಬರೆಯುವವರು ಬೇಸ್‌ಲೈನಿಗೆ ಒಂದು ಕನ್ನಡ ಪದ ಕೊಡಲು ಏಕೆ ಹಿಂಜರಿಯುತ್ತೀರಿ? ಸರ್ವ್, ನೆಟ್, ಪಾಯಿಂಟ್, ಫೋರ್‌ಹ್ಯಾಂಡ್, ಟಾಪ್‌ಸ್ಪಿನ್: ಮೇಲಿನ ಪತ್ರಗಳಲ್ಲಿ ಕನ್ನಡದ ಪಾಲಿಗೆ ಉಳಿದಿರುವುದು ಕ್ರಿಯಾಪದ ಮಾತ್ರ. ಹೆಸರುಗಳೆಲ್ಲವನ್ನೂ ಬಿಟ್ಟುಕೊಟ್ಟ ಮೇಲೆ ಉಳಿಯುವುದು ಬರೀ ಗೂಡು. ‘ಬೇಸ್‌ಲೈನ್ ಆಟಗಾರ’ ಬೇರೆ ಬೇರೆ ನುಡಿಗಳ ಪದಗಳು ಬೆರೆತ, ವ್ಯಾಕರಣ ಒಪ್ಪದ ಅರಿಸಮಾಸವೆಂಬುದೂ ಯಾರಿಗೂ ನೆನಪಾಗಲಿಲ್ಲ.

ಮರು: ಮರು: ಹಿಂಗೆರೆ

ಅರಿಸಮಾಸದ ಮಾತು ಸಂಸ್ಕೃತ ಮತ್ತು ಕನ್ನಡ ಪದಗಳ ಕೂಡಿಕೆಗೆ ಸಂಬಂಧಿಸಿದ್ದು. ಅಲ್ಲಿಯೂ ‘ಶಬ್ದಮಣಿದರ್ಪಣ’ವೆಂಬ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಅವನ ಸೂತ್ರವನ್ನು ಅವನು ಕಾಣದ ನುಡಿಗೆ ಎಳೆಯುವುದು ನ್ಯಾಯವಲ್ಲ.

ಕಡ ತಂದ ಮಾತಿನ ವಿಚಾರಕ್ಕೆ ಬಂದರೆ, ಈ ಆಟಕ್ಕೆ ಕಡ ಮಾಡದ ನುಡಿಯೇ ಇಲ್ಲ. ಟೆನಿಸ್ ಎಂಬುದು ‘ಹಿಡಿಯಿರಿ’ ಎಂಬ ಅರ್ಥದ ಫ್ರೆಂಚ್ ಮಾತು ‘ತೆನೆ’ಯಿಂದ, 40-40ರ ಸಮಸ್ಥಿತಿಗೆ ಹೇಳುವ ಡ್ಯೂಸ್ ಎಂಬುದು ಫ್ರೆಂಚರ ‘ಎರಡು’ ಎಂಬ ಎಣಿಕೆಯಿಂದ ಇಂಗ್ಲಿಷಿಗೆ ಬಂದವು. ಇಂಗ್ಲಿಷ್ ಅವನ್ನು ತನ್ನ ಬಾಯಿಗೆ ಹೊಂದಿಸಿಕೊಂಡಿತು. ಕನ್ನಡವೂ ಅದನ್ನೇ ಮಾಡಿದೆ: ಬೇಸ್‌ಲೈನಿಗೆ, ಬೇಸ್‌ಲೈನಿನಿಂದ, ಬೇಸ್‌ಲೈನಿನಲ್ಲಿ. ಏಳು ವಿಭಕ್ತಿಗಳಿಗೂ ಬಾಗುವ ಪದ ಹೊರಗಿನದಾಗಿ ಉಳಿಯುವುದಿಲ್ಲ. ಗೂಡು ಮಾತ್ರ ಉಳಿಯುತ್ತದೆ ಎಂದಿರಿ. ನುಡಿಯೆಂದರೆ ಆ ಗೂಡೇ, ಅದರಲ್ಲಿ ಬಂದು ಕೂರುವ ಹಕ್ಕಿಗಳು ಬದಲಾಗುತ್ತಲೇ ಇರುತ್ತವೆ.

ಕೇಳಿದವರ ಎರಡನೆಯ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರಿಸಿಲ್ಲ. ‘ಜೋಡಿ’ ಎಂದು ಬರೆಯಲು ಮನಸ್ಸಾಗಬಹುದು. ಟೆನಿಸಿನಲ್ಲಿ ಅದು ಡಬಲ್ಸ್ ಆಡುವ ಇಬ್ಬರಿಗೆ ಮೀಸಲಾಗಿಬಿಟ್ಟಿದೆ. ಎದುರಾಳಿಗಳನ್ನು ಜೋಡಿ ಎಂದರೆ ಗೊಂದಲ ತಪ್ಪದು. ‘ಎದುರಾಟ’ ಎಂದು ಬರೆಯಿರಿ. ಎದುರಾಳಿ, ಎದುರುತ್ತರ, ಎದಿರೇಟು ಇರುವಲ್ಲಿ ಇದಕ್ಕೆ ವಿವರಣೆ ಬೇಕಾಗುವುದಿಲ್ಲ, ಹನ್ನೆರಡು ವರ್ಷದವರಿಗೂ ಕೂಡಲೇ ತಿಳಿಯುತ್ತದೆ. ಹಿಂಗೆರೆಯನ್ನು ಮುಂದಿಡುತ್ತಿರುವವರಿಗೂ ಇದರಲ್ಲಿ ತಕರಾರಿರಲಾರದು.

ಮರು: ಮರು: ಮರು: ಹಿಂಗೆರೆ

‘ಎದುರಾಟ’ಕ್ಕೆ ತಕರಾರಿಲ್ಲ. ಉಳಿದುದಕ್ಕೆ ಇದೆ.

ಮರು: ಪದ ಬೇಕಾಗಿದೆ

ಮಾನ್ಯರೇ,

ಎಲ್ಲರಿಗೂ ಕೃತಜ್ಞ. ತಲೆಬರಹ ‘ಆವೆಮಣ್ಣಿನಲ್ಲಿ ಎದುರಾಟ’ ಎಂದಾಗಿದೆ. ಬೇಸ್‌ಲೈನನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪುಸ್ತಕ ಓದುವ ಮಕ್ಕಳು ಅಂಗಣಕ್ಕೆ ಇಳಿದಾಗ ತರಬೇತುದಾರರ ಬಾಯಿಂದ ಕೇಳುವುದು ಆ ಪದವನ್ನೇ. ‘ಹಿಂಗೆರೆ’ ಸೊಗಸಾದ ಪದವೆಂದು ನನಗೂ ಅನ್ನಿಸಿದೆ. ಕೈಪಿಡಿಯಲ್ಲಿರುವ ಅಂಗಣದ ಚಿತ್ರದಲ್ಲಿ ಬೇಸ್‌ಲೈನಿನ ಪಕ್ಕದಲ್ಲಿ ಅದನ್ನೂ ಬರೆದಿದ್ದೇನೆ. ‘ಆಕ್ರಮಣಕಾರಿ’ಯನ್ನು ಎಲ್ಲ ಕಡೆಯಿಂದಲೂ ತೆಗೆದೆ. ಹೆಸರಿನ ಬದಲು ಕ್ರಿಯೆಯನ್ನು ಹೇಳಿದಾಗ ವಾಕ್ಯಗಳು ಉದ್ದವಾಗುತ್ತವೆಂಬ ಹೆದರಿಕೆಯಿತ್ತು, ಹಾಗಾಗಲಿಲ್ಲ. ಉದಾಹರಣೆಗೆ ಸಿನ್ನರ್ ಮತ್ತು ಕಾರ್ಲೋಸ್ ಅಲ್ಕರಾಜ್ ಆಡಿದ 2025ರ ಫ್ರೆಂಚ್ ಓಪನ್ ಫೈನಲ್ ಕುರಿತ ಭಾಗ ಈಗ ಹೀಗಿದೆ:

“ಸಿನ್ನರ್ ಏರುವಾಗಲೇ ಹೊಡೆಯುವವರು; ಅಲ್ಕರಾಜ್ ಬೇಕೆಂದಾಗ ಮುಂದೊತ್ತುವವರು, ಬೇಕೆಂದಾಗ ಹಿಂದೆ ಸರಿದು ಬೀಸುವವರು. ಎದುರಾಳಿಯನ್ನು ಬೇಸ್‌ಲೈನಿನ ಹಿಂದಕ್ಕೆ ತಳ್ಳಿದ ಮರುಗಳಿಗೆಯಲ್ಲೇ ಅಲ್ಕರಾಜ್ ನೆಟ್ಟಿನ ಆಚೆ ಮೆಲ್ಲನೆ ಬೀಳುವ ಡ್ರಾಪ್ ಶಾಟ್ ಇಳಿಸಬಲ್ಲರು. ಮೊದಲ ಎರಡು ಸೆಟ್‌ಗಳು ಸಿನ್ನರ್ ಪಾಲಾದವು. ನಾಲ್ಕನೇ ಸೆಟ್ಟಿನಲ್ಲಿ ಅವರು 5-3ರಿಂದ ಮುಂದಿದ್ದು, ಅಲ್ಕರಾಜ್ ಅವರ ಸರ್ವ್‌ನಲ್ಲಿ ಪ್ರಶಸ್ತಿಗೆ ಒಂದೇ ಪಾಯಿಂಟ್ ಬೇಕಾದ ಸ್ಥಿತಿಯನ್ನು ಮೂರು ಸಲ ತಲುಪಿದರು. ಮೂರನ್ನೂ ಅಲ್ಕರಾಜ್ ಉಳಿಸಿಕೊಂಡರು. 5 ಗಂಟೆ 29 ನಿಮಿಷಗಳ ಬಳಿಕ 4-6, 6-7, 6-4, 7-6, 7-6ರಿಂದ ಗೆದ್ದಾಗ ಅದು ರೊಲ್ಯಾಂ ಗ್ಯಾರೊಸ್‌ನ ಅತಿ ದೀರ್ಘ ಫೈನಲ್ ಆಗಿತ್ತು. ಇಬ್ಬರೂ ದಾಳಿ ಮಾಡುವವರೇ ಆಗಿದ್ದರಿಂದ, ಪ್ರತಿ ರ‍್ಯಾಲಿಯಲ್ಲೂ ಮೊದಲು ಬೇಸ್‌ಲೈನಿನಿಂದ ಹಿಂದೆ ಸರಿಯಬೇಕಾದವರು ಯಾರು ಎಂಬುದನ್ನು ಗಮನಿಸಿ ಆ ಪಂದ್ಯವನ್ನು ಮತ್ತೊಮ್ಮೆ ನೋಡಿ.”

ಇದರಲ್ಲಿ ತಿದ್ದುವುದೇನಾದರೂ ಇದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕಾಗಿ ವಿನಂತಿ.