ಸ್ಕ್ವಿಡ್‌ನಲ್ಲಿ ವಿಡಿಯೋ ಬ್ಲಾಕ್ ಆಗುತ್ತಿಲ್ಲ, ದಯವಿಟ್ಟು ಯಾರಾದರೂ ನೋಡಿ

ಮಲ್ಪೆಮನೆ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಮಳೆ ಹಿಡಿದ ಮೇಲೆ ಮನೆಯ ಲೈನ್ ಆಗಾಗ ಹೋಗುತ್ತದೆ, ಆಮೇಲೆ ಮೊಬೈಲ್ ಡೇಟಾವೇ ಗತಿ. ಓದಿದ ಪುಟ ಮನೆಯಲ್ಲೇ ಉಳಿಯಲಿ, ವಿಡಿಯೋ ಮಾತ್ರ ಬೇಡ ಅಂತ ಸ್ಕ್ವಿಡ್ (ಮನೆಯ ನೆಟ್ ತನ್ನ ಮೂಲಕ ಹಾಯಿಸಿ ಪುಟ ಉಳಿಸುವ, ಬೇಡದ್ದು ತಡೆಯುವ ತಂತ್ರಾಂಶ) ಹಾಕಿದೆ. ಉಳಿಸಿದ ಪುಟ ಹಳತಾಯಿತೇ ಅಂತ ಮತ್ತೆ ಕೇಳದ ಆಫ್‌ಲೈನ್ ಮೋಡ್ ಆನ್ ಇದೆ. ಯುಆರ್‌ಎಲ್ ರೆಜೆಕ್ಸ್‌ನಲ್ಲಿ (ಪೂರ್ತಿ ವಿಳಾಸದ ಅಕ್ಷರ ಹೊಂದಿಸಿ ನೋಡುವ ನಿಯಮ) ಎಂಪಿ4 ಅಂತ ಮುಗಿಯುವುದೆಲ್ಲ ಡಿನೈ, ಅಂದರೆ ತಡೆ. ಆದರೂ ವಿಡಿಯೋ ಓಡುತ್ತದೆ! ಮಧ್ಯಾಹ್ನಕ್ಕೇ 1.5 ಜಿಬಿ ಖಾಲಿ. ಎಂತ ಮಾಡುವುದು?

ಕದ್ರಿಗುಡ್ಡೆ: ಸೆಟ್ಟಿಂಗ್ ಫೈಲಿನ ಸಾಲುಗಳ ಕ್ರಮ ತಪ್ಪಿದೆ. ಸ್ಕ್ವಿಡ್ ಮೇಲಿನಿಂದ ಓದುತ್ತದೆ, ಮೊದಲು ಹೊಂದಿದ್ದಕ್ಕೆ ನಿಲ್ಲುತ್ತದೆ. ಅಲೋ ಲೋಕಲ್‌ನೆಟ್ (ಮನೆಯವರಿಗೆಲ್ಲ ಬಿಡು ಅನ್ನುವ ಸಾಲು) ಮೇಲಿದ್ದರೆ ಡಿನೈ ತನಕ ಬರುವುದೇ ಇಲ್ಲ.

ಮಲ್ಪೆಮನೆ: ಡಿನೈಯೇ ಮೇಲಿದೆ.

ಕದ್ರಿಗುಡ್ಡೆ: ಹಾಗಾದರೆ ಹೊಸ ಸೆಟ್ಟಿಂಗ್ ಓದಿಸುವ ರೀಕಾನ್ಫಿಗರ್ ಕೊಟ್ಟಿಲ್ಲ. ಇನ್ನೊಮ್ಮೆ ಕ್ರಮ ನೋಡಿ.

ಮಲ್ಪೆಮನೆ: ಕೊಟ್ಟೆ ಮಾರಾಯ್ರೆ. ಮಿಷನ್ನೇ ಆಫ್ ಮಾಡಿ ಆನ್ ಮಾಡಿದೆ.

ಬಿಜೈ_ಪೆಟ್ಟಿಗೆ: ಸುಮ್ನೆ ಪೈ-ಹೋಲ್ ಹಾಕಿ, ಬೇಡದ ಸೈಟು ತಡೆಯುವ ತಂತ್ರಾಂಶ. ಅದು ಓಡುವ ನನ್ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಇನ್ವರ್ಟರ್‌ನಲ್ಲಿದೆ, ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಕದ್ರಿಗುಡ್ಡೆ: ಪೈ-ಹೋಲ್ ಸೈಟಿನ ಹೆಸರು ನೋಡಿ ತಡೆಯುವುದು ಮಾತ್ರ. ಪುಟ ಉಳಿಸುವುದಿಲ್ಲ.

ಬಿಜೈ_ಪೆಟ್ಟಿಗೆ: ಡಿಎನ್‌ಎಸ್ ಉತ್ತರ (ಯಾವ ಹೆಸರಿಗೆ ಯಾವ ನಂಬರಿನ ವಿಳಾಸ ಅನ್ನುವುದು) ಉಳಿಸುತ್ತದಲ್ಲ?

ಕದ್ರಿಗುಡ್ಡೆ: ಅವರು ಕೇಳಿದ್ದು ಪುಟ.

ಮಣಿಪಾಲ_ರಾತ್ರಿ: ಅದು ಆಮೇಲೆ. ಸ್ಕ್ವಿಡ್‌ನ ಆಕ್ಸೆಸ್ ಲಾಗ್‌ನ (ಯಾವ ಸೈಟು ಕೇಳಿದರು ಅನ್ನುವ ದಾಖಲೆ) ಒಂದು ಸಾಲು ಹಾಕಿ.

ಮಲ್ಪೆಮನೆ: ಟಿಸಿಪಿ_ಟನಲ್/200, ಕನೆಕ್ಟ್, ಸೈಟಿನ ಹೆಸರು, ಕೊನೆಗೆ :443. ಎಲ್ಲಾ ಸಾಲೂ ಹೀಗೇ.

ಮಣಿಪಾಲ_ರಾತ್ರಿ: ಎಚ್‌ಟಿಟಿಪಿಎಸ್ (ಗುಟ್ಟಿನ ಲಿಪಿಯಲ್ಲಿ ಹೋಗುವ ಸಂಪರ್ಕ) ಅಂತ ಮೊದಲೇ ಹೇಳಬೇಕಿತ್ತು. ಇಲ್ಲಿ ಸ್ಕ್ವಿಡ್‌ಗೆ ಕಾಣುವುದು ಸೈಟಿನ ಹೆಸರು, ಪೋರ್ಟ್, ಅಷ್ಟೇ. ಎಂಪಿ4 ಅನ್ನುವ ಬಾಲ ಬೀಗ ಹಾಕಿದ ಕೊಳವೆಯೊಳಗೆ ಹೋಗುತ್ತದೆ, ರೆಜೆಕ್ಸ್‌ಗೆ ಸಿಗುವುದೇ ಇಲ್ಲ. ನಿಮ್ಮ ಕ್ಯಾಶ್‌ನಲ್ಲೂ (ಸ್ಕ್ವಿಡ್ ಪುಟ ಉಳಿಸುವ ಜಾಗ) ಆ ಪುಟಗಳಿಲ್ಲ, ನೋಡಿ ಬೇಕಾದರೆ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ವಿಡಿಯೋ ಯಾವ ಹೆಸರಿನಿಂದ ಬರುತ್ತಿದೆ ಹುಡುಕಿ. ಬೇರೆ ಹೆಸರಾದರೆ ಡಿಎಸ್‌ಟಿ-ಡೊಮೈನ್‌ನಲ್ಲಿ (ಸೈಟಿನ ಹೆಸರು ನೋಡುವ ನಿಯಮ) ಹೆಸರಿನ ಮುಂದೊಂದು ಚುಕ್ಕಿ ಇಟ್ಟು ಬರೆಯಿರಿ, ಸಬ್‌ಡೊಮೈನ್‌ಗಳೂ ಸೇರುತ್ತವೆ. ಒಳಗೆ ನೋಡಲೇಬೇಕಾದರೆ ಎಸ್‌ಎಸ್‌ಎಲ್ ಬಂಪ್, ಅಂದರೆ ಸ್ಕ್ವಿಡ್ ನಡುವೆ ನಿಂತು ಬೀಗ ತೆಗೆದು ನೋಡುವುದು. ನಿಮ್ಮದು ಡೆಬಿಯನ್ 12 ಲಿನಕ್ಸ್ ಆದರೆ ಸ್ಕ್ವಿಡ್-ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್ ಬೇಕು, ಮನೆಯ ಪ್ರತಿ ಫೋನಿಗೂ ನಿಮ್ಮ ಸರ್ಟಿಫಿಕೇಟ್ ಹಾಕಬೇಕು. ಬ್ಯಾಂಕ್ ಸೈಟುಗಳನ್ನು ಮಾತ್ರ ಅದರಿಂದ ಹೊರಗಿಡಿ. ನಾನಾದರೆ ಆ ದಾರಿಗೆ ಹೋಗುವುದಿಲ್ಲ.

ಮಲ್ಪೆಮನೆ: ವಿಡಿಯೋ ಬೇರೆ ಹೆಸರಿನಿಂದಲೇ ಬರುತ್ತಿತ್ತು! ಚುಕ್ಕಿ ಇಟ್ಟೆ, ಈಗ ಲಾಗ್‌ನಲ್ಲಿ ಟಿಸಿಪಿ_ಡಿನೈಡ್/403, ಅಂದರೆ ತಡೆದಿದೆ. ತುಂಬಾ ಉಪಕಾರವಾಯಿತು. ಆದರೆ ಪುಟ ಉಳಿಯುವುದಿಲ್ಲ ಅಂದ್ರಲ್ಲ, ಮಗಳಿಗೆ ವಿಕಿಪೀಡಿಯ ಬೇಕೇಬೇಕು.

ಕದ್ರಿಗುಡ್ಡೆ: ಅದಕ್ಕೆ ಕಿವಿಕ್ಸ್, ನೆಟ್ಟಿಲ್ಲದೆ ವಿಕಿಪೀಡಿಯ ಓದಿಸುವ ತಂತ್ರಾಂಶ. ಕನ್ನಡ ವಿಕಿಪೀಡಿಯದ ಜಿಮ್ ಫೈಲ್ (ಪುಟಗಳನ್ನೆಲ್ಲ ಒಂದರಲ್ಲೇ ಕಟ್ಟಿದ ಫೈಲ್) ಒಮ್ಮೆ ಇಳಿಸಿಕೊಂಡರೆ ಓದಲು ನೆಟ್ಟೇ ಬೇಡ. ಡಿನೈ ಮೇಲಿರುವುದು ಮಾತ್ರ ಹಾಗೇ ಇರಲಿ.

ಬಿಜೈ_ಪೆಟ್ಟಿಗೆ: ನನ್ನ ಪೈನಲ್ಲಿ ಆ ಫೈಲ್ ಉಂಟು, 1 ಟಿಬಿ ಎಸ್‌ಎಸ್‌ಡಿ ಹಾಕಿದ್ದೇನೆ. ಮಂಗಳೂರಿಗೆ ಬಂದರೆ ಪೆನ್‌ಡ್ರೈವ್ ತನ್ನಿ, ಕಾಪಿ ಮಾಡಿಕೊಡುತ್ತೇನೆ.