ಮಗ ಪ್ರೊಟೆಸ್ಟ್‌ಗೆ ಹೋಗ್ತೀನಿ ಅಂತಿದಾನೆ, ಕಳಿಸ್ಲಾ? ಹೋಗಿ ಬಂದೋರು ಹೇಳಿ

ನಾವು ಮಿನಿಯಾಪೊಲಿಸ್ ಹತ್ರ ಇದೀವಿ, ಇನ್ನೂ ವೀಸಾದಲ್ಲೇ. ಮಗನಿಗೆ 16. ಬ್ಲ್ಯಾಕ್ ಹುಡುಗರನ್ನ ಪೊಲೀಸರು ಕೊಲ್ತಿರೋದರ ವಿರುದ್ಧ ಶನಿವಾರ ಮೆರವಣಿಗೆ, ಅವನ ಕ್ಲಾಸಿನೋರೆಲ್ಲ ಹೋಗ್ತಿದಾರೆ. ನಮ್ಮನೆಯವರು "ನಮಗ್ಯಾಕೆ ಊರ ಉಸಾಬರಿ" ಅಂತಾರೆ. ನಂಗೆ ಬೇಡ ಅನ್ನೋಕೂ ಬಾಯಿ ಬರ್ತಿಲ್ಲ, ಹೋಗು ಅನ್ನೋಕೂ ಧೈರ್ಯ ಇಲ್ಲ.

*

ಅಕ್ಕ, 2014ರಲ್ಲಿ ನಾನು ಸೇಂಟ್ ಲೂಯಿಸ್‌ನಲ್ಲಿ ಓದ್ತಿದ್ದೆ. ಆಗಸ್ಟ್ 9ಕ್ಕೆ ಪಕ್ಕದ ಫರ್ಗುಸನ್‌ನಲ್ಲಿ ಪೊಲೀಸ್ ಒಬ್ಬ ಮೈಕಲ್ ಬ್ರೌನ್‌ಗೆ ಗುಂಡು ಹೊಡೆದ, ಹುಡುಗನಿಗೆ ಬರೀ 18, ಹತ್ರ ಆಯುಧ ಇರಲಿಲ್ಲ, ಹೆಣ ನಡುರಸ್ತೇಲಿ ಸುಮಾರು ನಾಕು ಗಂಟೆ ಬಿದ್ದಿತ್ತು, ಹೆತ್ತ ತಾಯಿನ ಹತ್ರಕ್ಕೂ ಬಿಡ್ಲಿಲ್ಲ. ಅದನ್ನ ಕೇಳಿದ ಮೇಲೆ ರೂಮಲ್ಲಿ ಕೂರೋಕಾಗ್ಲಿಲ್ಲ, ರೂಮ್‌ಮೇಟ್ ಜೊತೆ ವೆಸ್ಟ್ ಫ್ಲಾರಿಸೆಂಟ್ ರಸ್ತೆಗೆ ಹೋದೆ. ಹಗಲೆಲ್ಲ ಜಾತ್ರೆ ಥರ, ಚರ್ಚಿನ ಹೆಂಗಸರು ನೀರಿನ ಬಾಟಲಿ ಹಂಚ್ತಿದ್ರು, ಒಬ್ಬ ಅಜ್ಜಿ ನನ್ನ ನೋಡಿ ಮೊದ್ಲು ಟೋಪಿ ಹಾಕ್ಕೋ ಮಗಾ ಅಂತ ಬೈದ್ರು. ಕತ್ತಲಾದ್ಮೇಲೆ ಟಿಯರ್ ಗ್ಯಾಸ್. ನಾನು ಪೆದ್ದ, ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ಹೋಗಿದ್ದೆ, ಕಣ್ಣಿಗೆ ಖಾರದಪುಡಿ ಎರಚಿದಂಗೆ, ಲೆನ್ಸ್ ತೆಗೆಯೋಕೆ ಕೈ ನಡುಗ್ತಿತ್ತು. ಮಗ ಕನ್ನಡಕ ಹಾಕ್ಕೊಂಡು ಹೋಗ್ಲಿ. ಹಾಲು ಗೀಲು ಹಾಕ್ಬೇಡಿ, ಬರೀ ನೀರಲ್ಲಿ ತೊಳೀಬೇಕು.

ಆ ಪೊಲೀಸ್ ಮೇಲೆ ಕೇಸ್ ನಿಲ್ಲಲಿಲ್ಲ. ಆದ್ರೆ 2015ರಲ್ಲಿ ಬಂದ ಫೆಡರಲ್ ರಿಪೋರ್ಟ್ ನೋಡಿ, ಊರಲ್ಲಿ ಬ್ಲ್ಯಾಕ್ ಜನ 67%, ಅರೆಸ್ಟ್ ಆದೋರಲ್ಲಿ 93%. ಜನ ಸುಮ್ನೆ ಬೀದಿಗೆ ಬಂದಿರ್ಲಿಲ್ಲ.

*

ವೀಸಾ ವಿಷಯ ಹೇಳ್ತೀನಿ. ಶಾಂತಿಯಿಂದ ಮೆರವಣಿಗೆ ಮಾಡೋ ಹಕ್ಕು ಸಿಟಿಜನ್‌ಗಳಿಗೆ ಮಾತ್ರ ಅಲ್ಲ. ಆದ್ರೆ ಅರೆಸ್ಟ್ ಆದ್ರೆ ಬೇರೆ ಕತೆ, ಕೇಸ್ ಬಿದ್ದೋದ್ರೂ ಮುಂದೆ ಗ್ರೀನ್ ಕಾರ್ಡ್ ಫಾರ್ಮಲ್ಲಿ "ಯಾವತ್ತಾದ್ರೂ ಅರೆಸ್ಟ್ ಆಗಿದ್ರಾ" ಅನ್ನೋದಕ್ಕೆ ಹೌದು ಅಂತಲೇ ಬರೀಬೇಕು. ಚದುರಿ ಅಂತ ಪೊಲೀಸರು ಮೈಕ್‌ನಲ್ಲಿ ಹೇಳಿದ ತಕ್ಷಣ ಹೊರಡೋದು, ಫೋಟೋ ವಿಡಿಯೋ ಅಂತ ನಿಲ್ಲೋದು ಬೇಡ. ಲಾಯರ್ ನಂಬರ್ ಪೆನ್ನಲ್ಲಿ ತೋಳಿನ ಮೇಲೆ ಬರೀರಿ, ಫೋನ್ ಕಿತ್ಕೊಂಡ್ರೂ ಅದು ಇರುತ್ತೆ.

*

ಯಜಮಾನರಿಗೆ ಇದನ್ನ ಓದಿ ಹೇಳಿ. 2015ರ ಫೆಬ್ರವರಿ, ಅಲಬಾಮಾದ ಮ್ಯಾಡಿಸನ್. ಮೊಮ್ಮಗನ್ನ ನೋಡ್ಕೊಳ್ಳೋಕೆ ಗುಜರಾತಿಂದ ಬಂದಿದ್ದ 57ರ ಅಜ್ಜ ಬೆಳಗ್ಗೆ ವಾಕಿಂಗ್ ಹೋಗಿದ್ರು, ಯಾರೋ ಪೊಲೀಸ್‌ಗೆ ಫೋನ್ ಮಾಡಿ "ತೆಳ್ಳಗಿನ ಬ್ಲ್ಯಾಕ್ ಮನುಷ್ಯ ತಿರುಗಾಡ್ತಿದಾನೆ" ಅಂದ್ರು. ಅವರಿಗೆ ಇಂಗ್ಲಿಷ್ ಬರಲ್ಲ. ಪೊಲೀಸ್ ನೆಲಕ್ಕೆ ಕೆಡವಿದ ಏಟಿಗೆ ಕತ್ತಿನ ಹತ್ರ ಬೆನ್ನುಹುರಿಗೆ ಪೆಟ್ಟಾಯ್ತು. ಊರ ಉಸಾಬರಿ ಅಂತೆ!

*

ನಾನಾದ್ರೆ ಹಗಲು ಮಾತ್ರ ಕಳಿಸ್ತೀನಿ. 2020ರಲ್ಲಿ ಪೊಲೀಸ್ ಒಬ್ಬ ಜಾರ್ಜ್ ಫ್ಲಾಯ್ಡ್‌ನ ಕೊಂದ ಮೇಲೆ ನಿಮ್ಮೂರಿನ ಲೇಕ್ ಸ್ಟ್ರೀಟ್ ರಾತ್ರಿ ಹೆಂಗೆ ಉರೀತು ನೆನಪಿದೆ ತಾನೆ.

*

ಎಲ್ಲರಿಗೂ ಥ್ಯಾಂಕ್ಸ್. ಮೂರು ಗಂಟೆವರೆಗೆ ಅಂತ ಒಪ್ಪಿಸಿದೀನಿ, ನಾನೂ ಹೋಗ್ತೀನಿ. ಇವರು ಎರಡು ಬ್ಲಾಕ್ ಆಚೆ ಕಾರಲ್ಲಿ ಕೂತಿರ್ತಾರಂತೆ. ಪೆನ್ನಲ್ಲಿ ಬರೆದ್ರೆ ಬೆವರಿಗೆ ಅಳಿಸಲ್ವಾ?

*

ಅಳಿಸುತ್ತೆ. ಮಾರ್ಕರ್ ತಗೊಳ್ಳಿ.