ಸಹಾಯ ಬೇಕು: ಎಲ್ಲರೂ ಸೇರಿ ಹಾಕಿಸುವ ಸೋಲಾರ್‌ನಲ್ಲಿ ಪಾಲು ತೆಗೆದುಕೊಳ್ಳಬಹುದೇ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕದ್ರಿಯಲ್ಲಿ 24 ಮನೆಗಳ ಫ್ಲ್ಯಾಟ್ ನಮ್ಮದು. ತಾರಸಿಯಲ್ಲಿ ಒಟ್ಟಾಗಿ ಸೋಲಾರ್ ಹಾಕಿಸಿ, ಪಾಲು ಕೊಂಡವರ ಬಿಲ್ಲಿನಲ್ಲಿ ಅಷ್ಟು ಯೂನಿಟ್ ಕಳೆಯುವ ವ್ಯವಸ್ಥೆ ಮಾಡಿಸುತ್ತೇನೆ ಎಂದು ಗುತ್ತಿಗೆದಾರರೊಬ್ಬರು ಬಂದಿದ್ದಾರೆ. ಭಾನುವಾರದ ಸಭೆಯೊಳಗೆ ನಾನು ತೀರ್ಮಾನ ಹೇಳಬೇಕು.

ವರ್ಷದ ಬಿಲ್ಲುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಹೆಚ್ಚಿನ ತಿಂಗಳು ಗೃಹಜ್ಯೋತಿಯಿಂದ ಸೊನ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅತ್ತೆಯವರ ಕೋಣೆಯ ಎಸಿ ರಾತ್ರಿಯಿಡೀ ಓಡುತ್ತದೆ. 200 ಯೂನಿಟ್ ದಾಟಿದ ಕೂಡಲೇ ಪೂರ್ತಿ ಬಿಲ್ಲು ನಮ್ಮ ತಲೆಗೆ. ಎರಡು ತಿಂಗಳ ಹೊರೆಗಾಗಿ ಇಷ್ಟು ದುಡ್ಡು ಹಾಕುವುದು ಸರಿಯೇ? ಒಂದು ಕಿಲೋವಾಟ್ ಸೋಲಾರ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ ಎಂಬುದು ಗುತ್ತಿಗೆದಾರರ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೆಲ್ಲಿದೆ? ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಯ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ವಸತಿ ಸಂಘಗಳಲ್ಲಿ ಎಲ್ಲರೂ ಹಂಚಿಕೊಳ್ಳುವ ಬಳಕೆಗಾದರೆ ಕಿಲೋವಾಟ್‌ಗೆ 18,000. ಲಿಫ್ಟ್ ಮತ್ತು ನೀರಿನ ಪಂಪಿನ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಆದ್ದರಿಂದ ಮೊದಲು ಅದಕ್ಕಷ್ಟೇ ಹಾಕಿಸುವುದು ಮೇಲು ಎಂದು ನನಗನಿಸುತ್ತದೆ.

ನನ್ನನ್ನು ನಿಜವಾಗಿ ತಡೆಯುತ್ತಿರುವುದು ಕರಾರು. ಅವಧಿ 25 ವರ್ಷ. ನಡುವೆ ಮನೆ ಮಾರಿ ಉಡುಪಿಗೆ ಹೋದರೆ ಪಾಲು ಯಾರದ್ದು, ಇನ್ವರ್ಟರ್ ಕೆಟ್ಟರೆ ಖರ್ಚು ಯಾರದ್ದು ಎಂಬುದಕ್ಕೆ ಕರಡಿನಲ್ಲಿ ಒಂದು ಸಾಲೂ ಇಲ್ಲ.

ಮೆಸ್ಕಾಂ ವ್ಯಾಪ್ತಿಯಲ್ಲಿ ಹೀಗೆ ಪಾಲು ಪಡೆದವರಿದ್ದರೆ ದಯವಿಟ್ಟು ತಿಳಿಸಿ. ಜುಲೈ ತಿಂಗಳ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಕಳೆದಿದ್ದಾರೆ ಎಂದು ಹೇಳಿದರೂ ದೊಡ್ಡ ಉಪಕಾರ.